ವಫ್ರಾದ ಇಪ್ಪತ್ನಾಲ್ಕು ದ್ರಾಕ್ಷಿ ಚಟ್ಟಿ

ಅಲ್ಲ ಸಾನ್ವಿ, ಬಿಳಿ ದ್ರಾಕ್ಷಿ ಅಂದ್ರೆ ಹಾಲಿನ ಹಾಗೆ ಬಿಳಿ ಅಲ್ಲ ಮಾರಾಯ್ತಿ, ನೋಡ್ಲಿಕ್ಕೆ ಹಸಿರೇ, ಹೆಸರು ಮಾತ್ರ ಬಿಳಿ. ಎಂತಕ್ಕೆ ಅಂತ ನನ್ನ ಹತ್ರ ಕೇಳ್ಬೇಡ, ಹೆಸರಿಟ್ಟದ್ದು ನಾನಲ್ಲ. ಮತ್ತೆ ನೀನು ಈಗ 'ಆಲ್ ಗ್ರೀನ್ ಗ್ರೇಪ್ಸ್ ಆರ್ ಸೇಮ್ ಅಜ್ಜಿ' ಅಂದಿಯಲ್ಲ, ಅದು ನನ್ನೆದುರು ಹೇಳ್ಬಾರ್ದು. ಬೇರೆ ಯಾರ ಎದುರಾದ್ರೂ ಹೇಳು, ನನ್ನೆದುರು ಬೇಡ. ಒಂದೇ ಅಂತ ತಿಳ್ಕೊಂಡೇ ನಾನು ಒಂದು ಸಾರಿ ವಾಪಸ್ ಊರಿಗೆ ಹೋಗ್ಲಿಕ್ಕೆ ಬ್ಯಾಗ್ ಕಟ್ಟಿದವಳು. ಚಿನ್ನು, ನೀನೂ ಬಾ, ಆ ಟ್ಯಾಬ್ ಒಳಗೆ ಇಟ್ಟು ಬಾ. ಬಾಲ್ಕನಿಯಲ್ಲಿ ಈಗ ಗಾಳಿ ಒಳ್ಳೇದುಂಟು, ಇನ್ನು ಎರಡು ತಿಂಗಳು ಹೋದ್ರೆ ಇಲ್ಲಿ ಕಾಲಿಡ್ಲಿಕ್ಕೂ ಆಗುದಿಲ್ಲ, ಗೊತ್ತುಂಟಲ್ಲ ಕುವೈಟಿನ ಸೆಕೆ.

ನಾನು ಇಲ್ಲಿಗೆ ಬಂದು ಈಗ ಹದಿನೈದು... ಅಲ್ಲ, ಹದಿನಾರು ವರ್ಷ ಆಯ್ತು. ಬಂದದ್ದು ಹೀಗೆ ಮಂಗಫ್‌ನ ಫ್ಲಾಟಿಗೆ ಮಗನ ಮನೆಗೆ ಅಂತ ಅಲ್ಲ, ಅಡಿಗೆ ಕೆಲಸಕ್ಕೆ. ನಿಮ್ಮ ಅಜ್ಜನಿಗೆ ಉಡುಪಿಯಲ್ಲಿ ಸಣ್ಣ ಹೋಟೆಲ್ ಇತ್ತು, ನಾಲ್ಕು ಬೆಂಚು, ಒಂದು ಗಲ್ಲಾ. ಒಂದಿನ ದೋಸೆ ಹೊಯ್ಯುವಾಗ ಸಟ್ಟುಗ ಕೈಯಿಂದ ಬಿತ್ತು, ಹೆಕ್ಕಲಿಕ್ಕೆ ಬಗ್ಗಿದವರು ಏಳ್ಲೇ ಇಲ್ಲ. ಸಾಯ್ಲಿಲ್ಲ, ಹೆದರ್ಬೇಡ, ಬಲಗೈ ಬಲಗಾಲು ಬಿದ್ದುಹೋಯ್ತು. ಹೋಟೆಲ್ ಮುಚ್ಚಿತು. ಆಮೇಲೆ ನಾನು ಮನೆಯಲ್ಲಿ ಪತ್ರೊಡೆ ಮಾಡಿ ಮಾರಿದೆ. ಆಟಿ ತಿಂಗಳಲ್ಲಿ, ಆ ಜೋರು ಮಳೆಯಲ್ಲಿ, ನೋಡ್ಬೇಕಿತ್ತು, ಬೆಳಿಗ್ಗೆ ಐದಕ್ಕೆ ಎದ್ದು ಇನ್ನೂರು ಕೆಸುವಿನ ಎಲೆ ಕೊಯ್ಯುದು, ಮಗುಚಿ ಹಾಕುದು, ದಂಟಿನ ದಪ್ಪ ನರ ಕೆರೆಯುದು, ಅಕ್ಕಿ ಮಸಾಲೆ ಬಳಿಯುದು, ಒಂದರ ಮೇಲೊಂದು ಇಟ್ಟು ಸುತ್ತುದು, ಬೇಯಿಸುದು. ತುರಿಸುವ ಎಲೆ ಯಾವುದು, ತುರಿಸದ್ದು ಯಾವುದು ಅಂತ ನಾನು ನೋಡ್ಲಿಕ್ಕೇ ಇಲ್ಲ, ಬೆರಳು ಇಟ್ರೆ ಸಾಕು. ಅದ್ರಲ್ಲಿ ಮನೆ ನಡೀತಿತ್ತು, ನಡೀತಿತ್ತು ಅಂದ್ರೆ ಕುಂಟ್ತಾ ನಡೀತಿತ್ತು. ಮಳೆಗಾಲ ಮುಗಿದ್ರೆ ಎಲೆ ಎಲ್ಲಿಂದ ತರುದು? ನಿಮ್ಮ ಅಪ್ಪ ಆಗ ಪಾಲಿಟೆಕ್ನಿಕ್ ಮೊದಲ ವರ್ಷ. 'ಅಮ್ಮ ನಾನು ಬಿಡ್ತೇನೆ, ಗ್ಯಾರೇಜಿಗೆ ಹೋಗ್ತೇನೆ' ಅಂತ ದಿನಾ ಹೇಳುದು. ಬಾಯ್ಮುಚ್ಚು ಅಂತ ಬೈದು, ನಾನೇ ಹೊರಟೆ. ಅಜ್ಜನನ್ನು ನೋಡ್ಲಿಕ್ಕೆ ನಮ್ಮ ಅತ್ತಿಗೆ ಬಂದು ಕೂತ್ಲು, ಪುಣ್ಯಾತ್ಗಿತ್ತಿ.

ಇಲ್ಲಿ ನನಗೆ ಸಿಕ್ಕಿದ ಕಫೀಲ್, ಅಂದ್ರೆ ವೀಸಾ ಕೊಟ್ಟು ಕೆಲಸಕ್ಕೆ ಕರೆಸಿದವರು, ಒಬ್ರು ವಯಸ್ಸಾದವರು, ಎಪ್ಪತ್ತರ ಹತ್ರ. ಕೆಲಸದವರು ಯಜಮಾನರನ್ನು ಬಾಬಾ ಅಂತ ಕರೆಯುದು, ಯಜಮಾನ್ತಿಯನ್ನು ಮಾಮಾ ಅಂತ, ನಾನೂ ಹಾಗೇ ಕರೆದೆ. ಬಾಬಾ ರಿಟೈರಾದ ಮೇಲೆ ಚಳಿಗಾಲ ಪೂರ್ತಿ ವಫ್ರಾದ ತೋಟದ ಮನೆಯಲ್ಲೇ ಇರುದು, ಮಾಮಾ ಮತ್ತೆ ಮಕ್ಕಳು ಮೊಮ್ಮಕ್ಕಳು ಸಿಟಿಯಿಂದ ಶುಕ್ರವಾರ ಶುಕ್ರವಾರ ಬರುದು. ನನ್ನನ್ನು ಆ ತೋಟದ ಅಡಿಗೆಗೆ ಹಾಕಿದ್ರು. ಬಾಬಾರ ಅಪ್ಪ ಮುಂಬೈಯಲ್ಲಿ ವ್ಯಾಪಾರ ಮಾಡಿದವರು, ಹಾಗಾಗಿ ಬಾಬಾ ಚಂದ ಹಿಂದಿ ಮಾತಾಡ್ತಿದ್ರು, ನನ್ನ ಹಿಂದಿಗಿಂತ ಚಂದ. ಅಲ್ಲಿ ತೋಟ ನೋಡಿಕೊಳ್ಳುವವರು ನಮ್ಮ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ, ಮೋನಾಕ ಅಂತ. ಮೊದಲ ದಿನ ಅವರು ತುಳುವಿನಲ್ಲಿ 'ಅಕ್ಕಾ, ಊಟ ಆಯ್ತಾ' ಅಂತ ಕೇಳಿದ್ದು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಅವರು ಹೆದರಿ ಹೋದ್ರು ಪಾಪ, ಊಟದಲ್ಲಿ ಎಂತಾದ್ರೂ ಬಿತ್ತಾ ಅಂತ. ಏಜೆಂಟ್ ಆಫೀಸಿನವ ಬರುವಾಗಲೇ ಹೇಳಿದ್ದ, ಆರು ತಿಂಗಳ ಒಳಗೆ ಮನೆಯವರಿಗೆ ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕಳಿಸ್ತಾರೆ, ಖಲಾಸ್, ಅಂತ. ನನ್ನ ತಲೆಯಲ್ಲಿ ಆ ಆರು ತಿಂಗಳು ಬಿಟ್ರೆ ಬೇರೆ ಎಂತದೂ ಇರ್ಲಿಲ್ಲ. ಆರು ತಿಂಗಳು ಕಳೀಬೇಕು, ನಿಮ್ಮ ಅಪ್ಪ ಕಾಲೇಜು ಬಿಡ್ಬಾರ್ದು, ಅಷ್ಟೇ.

ಹೋಗಿ ಎರಡನೇ ವಾರ, ಡಿಸೆಂಬರ್. ಚಳಿ ಅಂದ್ರೆ ಎಂತ ಚಳಿ, ಮರಳುಗಾಡಿನಲ್ಲಿ ಇಷ್ಟು ಚಳಿ ಇರ್ತದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ, ನಾನು ತಂದದ್ದು ಎರಡು ಕಾಟನ್ ಸೀರೆ ನಾಲ್ಕು ನೈಟಿ. ಶುಕ್ರವಾರ ಎಲ್ಲರೂ ಬರ್ತಾರೆ, ಹೊರಗೆ ಕಬ್ಬಿಣದ ಒಲೆಯಲ್ಲಿ ಬೆಂಕಿ ಹಾಕಿ ಅದರ ಸುತ್ತ ಕೂತು ಚಾ ಕುಡಿಯುದು ಅವರ ಪದ್ಧತಿ. ಒಳ್ಳೆ ಪದ್ಧತಿಯೇ, ನಾನೂ ಹಿಂದೆ ಕೂತು ಕೈ ಕಾಯಿಸಿಕೊಳ್ತಿದ್ದೆ. ಗುರುವಾರ ಬೆಳಿಗ್ಗೆ ಕಟ್ಟಿಗೆ ನೋಡುವಾ ಅಂತ ಹಿಂದಿನ ನೆರಳುಬಲೆಯ ಕೆಳಗೆ ಹೋದೆ. ಅಲ್ಲಿ ಸಾಲಾಗಿ ಇಪ್ಪತ್ನಾಲ್ಕು ದೊಡ್ಡ ದೊಡ್ಡ ಗಿಡದ ಚಟ್ಟಿ. ಎಲ್ಲದರಲ್ಲೂ ಒಂದೊಂದು ಒಣ ಕಡ್ಡಿ. ಒಂದು ಎಲೆ ಇಲ್ಲ ಮಗಾ, ಒಂದೇ ಒಂದು ಎಲೆ ಇಲ್ಲ! ನಮ್ಮ ಊರಲ್ಲಿ ಗಿಡದಲ್ಲಿ ಒಂದೂ ಎಲೆ ಇಲ್ಲ ಅಂದ್ರೆ ಅದು ಸತ್ತಿದೆ ಅಂತ ಅರ್ಥ, ಕಿತ್ತು ಒಲೆಗೆ ಹಾಕುದು. ನನಗೆ ಬೇಸರವೇ ಆಯ್ತು, ಅಯ್ಯೋ ಈ ಮೋನಾಕ ನೀರು ಹಾಕದೆ ಕೊಂದು ಬಿಟ್ಟಿದ್ದಾರೆ, ಚಟ್ಟಿ ಒಳ್ಳೇದುಂಟು, ಮಣ್ಣು ಒಳ್ಳೇದುಂಟು, ಕಿತ್ತು ತೆಗೆದ್ರೆ ಹರಿವೆ ಹಾಕ್ಬಹುದು, ಕೊತ್ತಂಬರಿ ಹಾಕ್ಬಹುದು, ಕಡ್ಡಿ ಬೆಂಕಿಗಾಯ್ತು, ಬಾಬಾ ಖುಷಿ ಪಡ್ತಾರೆ ಅಂತ. ಸೆರಗು ಸಿಕ್ಕಿಸಿ ಒಂದೊಂದೇ ಕಿತ್ತೆ. ಇಪ್ಪತ್ನಾಲ್ಕೂ ಕಿತ್ತೆ! ಬೇರಿನ ಮಣ್ಣು ಕೊಡವಿ, ಕಟ್ಟಿಗೆ ಹೊರೆ ಕಟ್ಟಿದ ಹಾಗೆ ಕಟ್ಟಿ, ಒಲೆಯ ಹತ್ರ ಇಟ್ಟೆ. ನಗ್ಬೇಡ ಚಿನ್ನು, ನನಗೆ ಆಗ ಹೆಮ್ಮೆ.

ಒಂದು ಬುದ್ಧಿ ಮಾತ್ರ ದೇವರು ಕೊಟ್ಟ. ಪ್ರತಿ ಕಡ್ಡಿಗೂ ತಂತಿಯಲ್ಲಿ ಒಂದೊಂದು ಚೀಟಿ ಕಟ್ಟಿತ್ತು, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎಂತದೋ ಬರೆದಿತ್ತು. ಅಕ್ಷರ ಇರುವ ಕಾಗದವನ್ನು ಬೆಂಕಿಗೆ ಹಾಕ್ಬಾರ್ದು, ಕಾಲಡಿಗೆ ಬೀಳ್ಬಾರ್ದು ಅಂತ ನನ್ನಮ್ಮ ಕಲಿಸಿದ್ದು, ಹಾಗೆ ಎಲ್ಲ ಬಿಚ್ಚಿ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟೆ. ಆಮೇಲೆ ಒಂದು ಕಡ್ಡಿ ತೆಗೆದು ಮುರಿಯುವಾ ಅಂತ ನೋಡ್ತೇನೆ, ಮುರಿಯುದೇ ಇಲ್ಲ, ಬಾಗ್ತದೆ. ಉಗುರಲ್ಲಿ ಕೆರೆದೆ. ಒಳಗೆ ಹಸಿರು! ಎಳೆ ಬೀನ್ಸಿನ ಹಾಗೆ ಹಸಿರು. ಇನ್ನೊಂದು ಕೆರೆದೆ, ಅದೂ ಹಸಿರು. ಅಷ್ಟರಲ್ಲಿ ಮೋನಾಕ ಪೈಪು ಹಿಡ್ಕೊಂಡು ಬಂದವರು ನೋಡಿ ತಲೆ ಮೇಲೆ ಕೈ ಇಟ್ರು. 'ಅಕ್ಕಾ! ಎಂತ ಮಾಡಿದ್ರಿ ನೀವು! ಇದು ಬಾಬಾರ ಜೀವ! ಫ್ರಾನ್ಸಿನಿಂದ ಬಂದ ದ್ರಾಕ್ಷಿ!' ನಾನು, 'ಸತ್ತಿತ್ತಲ್ಲ ಮೋನಾಕ?' 'ಸತ್ತದ್ದಲ್ಲ ಅಕ್ಕಾ, ಮಲಗಿದ್ದು! ಚಳಿಗೆ ಎಲೆ ಉದುರಿಸಿ ಮಲಗ್ತದೆ, ಮಾರ್ಚಲ್ಲಿ ಏಳ್ತದೆ!' ಗಿಡ ಮಲಗ್ತದೆ ಅಂತ ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಬಾಬಾ ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋದವರು ಬರುವಷ್ಟರಲ್ಲಿ ನಾವಿಬ್ರೂ ಹುಚ್ಚು ಹಿಡಿದವರ ಹಾಗೆ ಇಪ್ಪತ್ನಾಲ್ಕನ್ನೂ ವಾಪಸ್ ನೆಟ್ಟೆವು. ಬೇರಿಗೆ ಒದ್ದೆ ಗೋಣಿ ಸುತ್ತಿ, ಮಣ್ಣು ಒತ್ತಿ, ನೀರು ಹಾಕಿ. ಮಲಗಿದ್ದಾಗ ಕಿತ್ತು ನೆಟ್ರೆ ಅದಕ್ಕೆ ಅಷ್ಟು ಗೊತ್ತಾಗುದಿಲ್ಲ ಅಂತ ಮೋನಾಕ ಹೇಳಿದ್ದು, ಅದೊಂದೇ ಸಮಾಧಾನ. ಆದ್ರೆ ಚೀಟಿ? ಡಬ್ಬಿ ತೆಗೆದೆ. ನಾನು ಕನ್ನಡ ಶಾಲೆಯಲ್ಲಿ ಏಳನೇ ಓದಿದವಳು, ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸ್ಲಿಕ್ಕೆ ಬರ್ತದೆ. ನಾಲ್ಕು ಹೆಸರು, ಒಂದೊಂದರದ್ದು ಆರಾರು ಚೀಟಿ. ಶಾರ್ಡೊನೆ, ಸೊವಿನ್ಯೊ, ಕ್ಲೆರೆಟ್, ಮಸ್ಕಾಟ್. ಎಲ್ಲವೂ ಬಿಳಿ ದ್ರಾಕ್ಷಿಯೇ. ಯಾವ ಕಡ್ಡಿಗೆ ಯಾವುದು? ಕಡ್ಡಿ ನೋಡಿದ್ರೆ ಎಲ್ಲ ಒಂದೇ. ಮೋನಾಕ ಹೇಳಿದ್ರು, 'ಅಕ್ಕಾ, ಅಂದಾಜಿಗೆ ಕಟ್ಟಿ. ಮೂರು ವರ್ಷ ಆಯ್ತು, ಒಂದು ಗೊಂಚಲು ಬಿಟ್ಟದ್ದಿಲ್ಲ. ಬಾಬಾರಿಗೆ ಕಣ್ಣಿಗೆ ಪೊರೆ, ಎಲೆ ಎಲ್ಲ ಮಂಜು ಮಂಜು ಕಾಣುದು. ಯಾರಿಗೆ ಗೊತ್ತಾಗ್ತದೆ?' ನಾನು ಕಟ್ಟಿದೆ. ಆರು, ಆರು, ಆರು, ಆರು, ಸಾಲಾಗಿ ಚಂದ ಕಟ್ಟಿದೆ. ಬಾಬಾ ಬಂದು, 'ಮಣ್ಣು ಒದ್ದೆ ಉಂಟಲ್ಲ?' ಅಂತ ಕೇಳಿದ್ರು. ಮೋನಾಕ, 'ನಾನೇ ಬಾಬಾ, ನೀರು ಸ್ವಲ್ಪ ಜಾಸ್ತಿ ಆಯ್ತು' ಅಂತ ನನಗೋಸ್ಕರ ಸುಳ್ಳು ಹೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ಬಿಡ್ಬೇಕಿತ್ತು, ಆಗ್ಲೇ ಬಿಡ್ಬೇಕಿತ್ತು. ಹೆದರಿಕೆ ಮಗಾ.

ಮತ್ತೆ ಕಷ್ಟ ಶುರುವಾಯ್ತು ನೋಡು. ಬಾಬಾ ದಿನಾ ಬೆಳಿಗ್ಗೆ ಚಾ ಹಿಡ್ಕೊಂಡು ಆ ಚಟ್ಟಿಗಳ ಎದುರು ಕುರ್ಚಿ ಹಾಕಿ ಕೂರುದು. ನಾನು ಚಾ ತಕೊಂಡು ಹೋದ್ರೆ, 'ಕೂತ್ಕೊ ಗಿರ್ಜಾ' ಅಂತ ನನ್ನನ್ನೂ ಕೂರಿಸಿ ಕತೆ ಹೇಳುದು. ಬಾಬಾ ಚಿಕ್ಕ ಪ್ರಾಯದಲ್ಲಿ ಓದ್ಲಿಕ್ಕೆ ಫ್ರಾನ್ಸಿಗೆ ಹೋದವರು. ಭಾಷೆ ಬರುದಿಲ್ಲ, ಊಟ ಸೇರುದಿಲ್ಲ, ಒಬ್ರೂ ಗುರ್ತದವರಿಲ್ಲ. ದಕ್ಷಿಣದ ಕಡೆ ಒಂದು ದ್ರಾಕ್ಷಿ ತೋಟದ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತಂತೆ. ಅವರದ್ದು ವೈನ್ ಮಾಡುವ ಕಸುಬು. ವೈನ್ ಅಂದ್ರೆ ಈ ದೇಶದಲ್ಲಿ ಹೆಸರು ಹೇಳ್ಲಿಕ್ಕೂ ಹೆದರಿಕೆ, ಬಾಬಾ ಅಂತೂ ಒಂದು ತೊಟ್ಟು ಮುಟ್ಟಿದವರಲ್ಲ. ಆ ಮನೆ ಯಜಮಾನ ಒಂದಿನವೂ ಕುಡಿ ಅಂತ ಒತ್ತಾಯ ಮಾಡ್ಲಿಲ್ಲವಂತೆ. ದ್ರಾಕ್ಷಿ ಹಿಂಡುವ ದಿನ ಮೊದಲ ರಸ ಒಂದು ಹೂಜಿ ತುಂಬ ತೆಗೆದು, ಹುಳಿ ಬರುವ ಮೊದಲೇ, 'ಇದು ನಮ್ಮ ಹುಡುಗನಿಗೆ' ಅಂತ ಬಾಬಾರ ಕೋಣೆಗೆ ಕಳಿಸುದಂತೆ. ಪ್ರತಿ ವರ್ಷ. ಆ ಯಜಮಾನ ತೀರಿಹೋದ ಮೇಲೆ ಅವನ ಮಗಳು, ಬಾಬಾ ಹೆಗಲ ಮೇಲೆ ಹೊತ್ತು ಆಡಿಸಿದ ಮಗು, ಈಗ ಅವಳೇ ತೋಟ ನೋಡುದು, ತಾನೇ ಕೈಯಾರೆ ಕಡ್ಡಿ ಕಡಿದು, ಬೇರು ಬರಿಸಿ, ಕಾಗದಪತ್ರ ಎಲ್ಲ ಮಾಡಿಸಿ ಕಳಿಸಿದ್ದು ಈ ಇಪ್ಪತ್ನಾಲ್ಕು. 'ಇದು ಶಾರ್ಡೊನೆ, ಬಾವಿಯ ಹತ್ರ ಇದ್ದದ್ದು. ಇದು ಮಸ್ಕಾಟ್, ಅಡಿಗೆಮನೆ ಗೋಡೆಗೆ ಒರಗಿತ್ತು, ಸುತ್ತ ಯಾವಾಗ್ಲೂ ಕಣಜದ ಹುಳ. ಇದು ಕ್ಲೆರೆಟ್, ಗುಡ್ಡದಲ್ಲಿ. ಸಂಜೆ ಗಾಳಿ ಬಂದ್ರೆ ಎಲೆಯ ಬೆನ್ನು ತಿರುಗಿ ಇಡೀ ಗುಡ್ಡ ಬಿಳಿ ಆಗ್ತದೆ ಗಿರ್ಜಾ.' ಹೀಗೆ ಒಂದೊಂದು ಚಟ್ಟಿಗೆ ಕೈ ತೋರಿಸಿ ಹೇಳುದು. ಮೊಮ್ಮಕ್ಕಳ ಹೆಸರು ಹೇಳುವ ಹಾಗೆ. ನಾನು ಕಟ್ಟಿದ ಸುಳ್ಳು ಚೀಟಿಯನ್ನು ಕಣ್ಣಿನ ಹತ್ರ ಹಿಡಿದು ಓದಿ ಓದಿ ಹೇಳುದು! ನನಗೆ ಅಲ್ಲಿ ಕೂರ್ಲಿಕ್ಕೆ ಆಗ್ತಿರ್ಲಿಲ್ಲ. 'ಬಾಬಾ, ಒಲೆ ಮೇಲೆ ಅನ್ನ ಉಂಟು' ಅಂತ ಎದ್ದು ಓಡುದು. ಮಾರ್ಚ್ ಕೊನೆಗೆ ಆ ಹೆಂಗಸು ಕುವೈಟಿಗೆ ಬರ್ತಾಳೆ, ಅವಳ ಅಪ್ಪನ ಗಿಡ ಇಲ್ಲಿ ಹೇಗೆ ಬೆಳ್ದಿದೆ ಅಂತ ತೋರಿಸ್ಬೇಕು, ಅದೊಂದೇ ಬಾಬಾರ ಆಸೆ.

ಫೆಬ್ರವರಿ ಕೊನೆಗೆ ಕಣ್ಣಿನ ಆಪರೇಷನ್ ಅಂತ ಬಾಬಾ ಸಿಟಿಗೆ ಹೋದ್ರು. ಅವರು ಆ ಕಡೆ ಹೋದ್ರು, ಈ ಕಡೆ ಕಡ್ಡಿಗಳು ಎದ್ದವು. ಇಪ್ಪತ್ನಾಲ್ಕೂ! ಒಂದೂ ಸತ್ತಿರ್ಲಿಲ್ಲ ಮಾರಾಯ್ತಿ, ನಾನು ಪ್ರತಿ ಚಟ್ಟಿಗೂ ಕೈ ಮುಗಿದೆ. ಮೊಗ್ಗು ಒಡೀತು, ಎಳೆ ಎಲೆ ಬಂತು, ಮೂರು ವಾರದಲ್ಲಿ ನನ್ನ ಅಂಗೈ ಅಷ್ಟಗಲ ಆಯ್ತು. ಆಗ ನೋಡ್ತೇನೆ, ಒಂದೇ ಹೆಸರಿನ ಚೀಟಿ ಇರುವ ಎರಡು ಚಟ್ಟಿಯಲ್ಲಿ ಎಲೆ ಬೇರೆ ಬೇರೆ! ಗೊತ್ತಿದ್ದದ್ದೇ, ಆದ್ರೂ ಎರಡು ಚೀಟಿಯನ್ನೂ ಇನ್ನೊಮ್ಮೆ ಓದಿ ನೋಡಿದೆ. ಎಂತ? ಫೋಟೋ ತೆಗೆದು ಫೋನಲ್ಲಿ ಕೇಳ್ಬಹುದಿತ್ತಾ? ನನ್ನತ್ರ ಇದ್ದದ್ದು ಬಟನ್ ಫೋನು ಸಾನ್ವಿ, ಅದು 'ಹಲೋ' ಹೇಳಿದ್ರೆ ದೊಡ್ಡದು.

ಒಂದಿನ ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಪ್ರತಿ ಚಟ್ಟಿಯಿಂದ ಒಂದೊಂದು ಎಲೆ ಕೊಯ್ದು, ಚಟ್ಟಿಯ ನಂಬರ್ ದಾರದಲ್ಲಿ ಗಂಟು ಹಾಕಿ ಗುರ್ತು ಮಾಡಿ, ನನ್ನ ಕೋಣೆಯ ಮಂಚದ ಮೇಲೆ ಹರಡಿದೆ. ಎಲ್ಲ ಮಗುಚಿ, ಬೆನ್ನು ಮೇಲೆ. ಪತ್ರೊಡೆಯವಳಿಗೆ ಎಲೆ ಅಂದ್ರೆ ಬೆನ್ನೇ ಅಲ್ವಾ, ಮುಖ ಯಾರಿಗೆ ಬೇಕು! ಕಣ್ಣು ಮುಚ್ಚಿ ಬೆರಳು ಇಟ್ಟೆ. ಒಂದು ಜಾತಿ, ಉಣ್ಣೆಬಟ್ಟೆ ಮುಟ್ಟಿದ ಹಾಗೆ, ಬಿಳಿ ರೋಮ. ಆರು ಸಿಕ್ಕಿತು. ಇನ್ನೊಂದು, ಅಂಚಿನಲ್ಲಿ ಗರಗಸದ ಹಲ್ಲು, ರೋಮವೇ ಇಲ್ಲ, ನುಣ್ಣಗೆ. ಅದೂ ಆರು. ಮತ್ತೊಂದು ಆಳ ಆಳಕ್ಕೆ ಸೀಳಿದ್ದು, ಮೈಯೆಲ್ಲ ಸುಕ್ಕು ಸುಕ್ಕು. ಆರು. ಉಳಿದದ್ದು ಆರು, ದುಂಡಗೆ, ಸಾಧು ಎಲೆ. ಆಯ್ತಲ್ಲ, ಲೆಕ್ಕ ಸರಿ ಬಂತು ಅಂತ ಏಳ್ಬೇಕು, ಬೆರಳು ಬಿಡ್ಲಿಲ್ಲ. ಆ ಆರರಲ್ಲಿ ನಾಲ್ಕಕ್ಕೆ ದಂಟು ಎಲೆಗೆ ಸೇರುವಲ್ಲಿ ನರ ಬರಿ ಮೈಯಲ್ಲಿ ಉಂಟು, ಟೈಲರ್ ಅಂಚು ಮಡಚಿ ಹೊಲೀಲಿಕ್ಕೆ ಮರೆತ ಹಾಗೆ. ಇನ್ನೆರಡಕ್ಕೆ ನರದ ಆಚೆ ಚೂರು ಎಲೆ ಉಂಟು. ಹತ್ತು ಸಲ ನೋಡಿದೆ. ಬೇರೆ ಜಾತಿಯೇ. ಆದ್ರೆ ಹೆಸರು ಇರುದು ನಾಲ್ಕು, ನನ್ನ ಕೈಗೆ ಸಿಕ್ಕಿದ್ದು ಐದು! ನನಗೇ ತಪ್ಪಿತು, ಪ್ರಾಯ ಆಯ್ತು ಅಂತ ನನ್ನನ್ನೇ ಬೈಕೊಂಡೆ. ಆದ್ರೂ ಐದು ಬಣ್ಣದ ದಾರ ತಂದು ಚಟ್ಟಿಗಳಿಗೆ ಕಟ್ಟಿದೆ, ಬೆರಳು ಹೇಳಿದ ಹಾಗೇ ಕಟ್ಟಿದೆ. ಉಣ್ಣೆ ಎಲೆಯದ್ದು ಕ್ಲೆರೆಟ್ ಅಂತ ಬಾಬಾ ಹೇಳಿದ ಗುಡ್ಡದ ಕತೆಯಿಂದ ಗೊತ್ತಾಯ್ತು. ಉಳಿದದ್ದರ ಹೆಸರು ಯಾರನ್ನು ಕೇಳುದು? ಕೇಳ್ಬೇಕಾದ್ರೆ ಮೊದಲು ಹೇಳ್ಬೇಕು.

ಬಾಬಾ ವಾಪಸ್ ಬಂದದ್ದು ಬುಧವಾರ, ಕಪ್ಪು ಕನ್ನಡಕ ಹಾಕಿ. ಆ ಹೆಂಗಸು ಬರುದು ಶುಕ್ರವಾರ. ಮೋನಾಕ ಹೇಳಿದ್ರು, 'ಅಕ್ಕಾ, ದಾರ ಬಿಚ್ಚಿ ಬಿಸಾಡಿ. ಅವಳು ಬರ್ತಾಳೆ, ಫೋಟೋ ತೆಗೀತಾಳೆ, ಹೋಗ್ತಾಳೆ. ನಿಮ್ಮ ಆರು ತಿಂಗಳಿಗೆ ಇನ್ನು ಎರಡೇ ತಿಂಗಳು. ನಿಮ್ಮ ಮಗನ ಮುಖ ನೆನಪು ಮಾಡ್ಕೊಳ್ಳಿ.' ಅವರು ಹೇಳಿದ್ದು ನನ್ನ ಒಳ್ಳೇದಕ್ಕೇ. ನಾನೂ ಬಿಚ್ಚಲಿಕ್ಕೆ ಹೋದೆ. ಕೈ ಬರ್ಲಿಲ್ಲ. ಬಾಬಾ ಆ ಹೆಂಗಸಿನ ಎದುರು ನಿಂತು 'ನೋಡಮ್ಮ, ಇದು ನಿನ್ನ ಅಪ್ಪನ ಶಾರ್ಡೊನೆ' ಅಂತ ಹೇಳುದು, ಅವಳು 'ಇದಲ್ಲ' ಅನ್ನುದು, ಬಾಬಾ ತಲೆ ತಗ್ಗಿಸುದು... ಅದು ನನ್ನಿಂದ ಆಗ್ಬಾರ್ದು ಅಂತ ಅನ್ನಿಸಿತು. ಗುರುವಾರ ಬೆಳಿಗ್ಗೆ ಚಾ ಜೊತೆ ಒಂದು ಹರಿವಾಣದಲ್ಲಿ ಐದು ಜಾತಿ ಎಲೆ ಇಟ್ಟು ತಕೊಂಡು ಹೋದೆ. ನಿಂತ್ಕೊಂಡೇ ಎಲ್ಲ ಹೇಳಿದೆ. ಕಿತ್ತದ್ದು, ಕಟ್ಟಿಗೆ ಹೊರೆ ಕಟ್ಟಿದ್ದು, ನೆಟ್ಟದ್ದು, ಚೀಟಿ ಅಂದಾಜಿಗೆ ಕಟ್ಟಿದ್ದು. ಮೋನಾಕನ ಹೆಸರು ಮಾತ್ರ ಎತ್ತಲಿಲ್ಲ.

ಬಾಬಾ ಕನ್ನಡಕ ತೆಗೆದ್ರು. ಬೈದಿದ್ರೆ ಚಂದ ಇತ್ತು, ಬೈಲಿಲ್ಲ. 'ಇಷ್ಟು ದಿನ ನಾನು ಒಬ್ಬೊಬ್ಬರನ್ನು ಬೇರೆಯವರ ಹೆಸರಲ್ಲಿ ಕರೀತಿದ್ದೆನಾ?' ಅಂತ ಕೇಳಿದ್ರು. 'ಹೌದು ಬಾಬಾ.' 'ನೀನು ಪಕ್ಕದಲ್ಲಿ ಕೂತು ಕೇಳ್ತಿದ್ದೆ.' 'ಹೌದು ಬಾಬಾ.' ಅಷ್ಟೇ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿದ್ರು. ಚಾ ಅಲ್ಲೇ ತಣ್ಣಗಾಯ್ತು. ಹತ್ತು ನಿಮಿಷಕ್ಕೆ ಮಾಮಾರ ಫೋನು ಬಂತು ಸಿಟಿಯಿಂದ, ಅವರದ್ದು ಜೋರು ಬಾಯಿ, ಅರ್ಧ ಅರಬ್ಬಿ ಅರ್ಧ ಹಿಂದಿ, 'ಬ್ಯಾಗ್ ಕಟ್ಟು! ಶನಿವಾರ ಆಫೀಸ್! ಖಲಾಸ್!' ಅಂತ. ಕಟ್ಟಿದೆ. ಎಂತ ಉಂಟು ಕಟ್ಲಿಕ್ಕೆ, ಎರಡು ಸೀರೆ ನಾಲ್ಕು ನೈಟಿ. ನಿಮ್ಮ ಅಪ್ಪನಿಗೆ ಫೋನ್ ಮಾಡಿ, 'ಮಗಾ, ಅಮ್ಮ ಬರ್ಬಹುದು, ನೀನು ಕಾಲೇಜು ಮಾತ್ರ ಬಿಡ್ಬೇಡ, ನಾನು ಮಾಡ್ತೇನೆ ಹೇಗಾದ್ರೂ' ಅಂದೆ. ಅವ ಆ ಕಡೆ ಮಾತಾಡ್ಲೇ ಇಲ್ಲ. ಮಾತಾಡದಿದ್ರೆ ಅವ ಅಳ್ತಿದ್ದಾನೆ ಅಂತ, ಈಗ್ಲೂ ಹಾಗೆಯೇ, ನೋಡಿ ಬೇಕಾದ್ರೆ.

ಶುಕ್ರವಾರ ಬಂದ್ಲು ಆ ಫ್ರಾನ್ಸಿನ ಮದಾಮ್. ದೊಡ್ಡ ಜನ ಅಂತ ನಾನು ಹೆದರಿದ್ದೆ, ನೋಡಿದ್ರೆ ನನ್ನದೇ ಪ್ರಾಯ, ಬಿಸಿಲಿಗೆ ಸುಟ್ಟ ಮುಖ, ಬೆರಳಿನ ಸಂದಿಯಲ್ಲಿ ಕಪ್ಪು ಗೆರೆ, ಗದ್ದೆ ಕೆಲಸದವರ ಕೈ. ಬಾಬಾ ಅವಳನ್ನು ನೋಡಿ ಮಗು ಹಾಗೆ ಅತ್ರು. ನಾನು ಗಹ್ವಾ, ಅಂದ್ರೆ ಅರಬ್ಬಿ ಕಾಫಿ, ಮತ್ತೆ ಖರ್ಜೂರ ತಕೊಂಡು ಹಿಂದೆ ನಿಂತೆ. ಬಾಬಾ ಅವಳನ್ನು ಚಟ್ಟಿಗಳ ಹತ್ರ ಕರ್ಕೊಂಡು ಹೋಗಿ, ಫ್ರೆಂಚ್‌ನಲ್ಲಿ ಎಂತದೋ ಹೇಳಿದ್ರು, ಉದ್ದ ಹೇಳಿದ್ರು, ನನ್ನ ಕಡೆ ಕೈ ತೋರಿಸಿದ್ರು. ಹೇಳ್ತಿದ್ದಾರೆ, ನನ್ನ ವಿಷಯ ಎಲ್ಲ ಹೇಳ್ತಿದ್ದಾರೆ, ಭೂಮಿ ಬಾಯಿ ಬಿಡ್ಬಾರ್ದಾ ಅನ್ನಿಸಿತು. ಅವಳು ಚಟ್ಟಿಗೆ ಬಗ್ಗಿದ್ಲು. ಮತ್ತೆ ಎಂತ ಮಾಡಿದ್ಲು ಗೊತ್ತುಂಟಾ? ಎಲೆ ಮಗುಚಿದ್ಲು! ಮುಖ ನೋಡ್ಲೇ ಇಲ್ಲ, ಸೀದ ಮಗುಚಿ ಬೆನ್ನಿಗೆ ಬೆರಳು ಇಟ್ಲು. ನಮ್ಮವಳು ಇವಳು ಅನ್ನಿಸಿತು ನನಗೆ. ಬಿಳಿ ದಾರದ್ದು ನೋಡಿ, 'ಕ್ಲೆರೆಟ್.' ಮುಂದಿನದ್ದು, 'ಕ್ಲೆರೆಟ್.' ಹಸಿರು ದಾರ, 'ಮಸ್ಕಾಟ್.' ಕೆಂಪು ದಾರ, 'ಸೊವಿನ್ಯೊ.' ಹದಿನೆಂಟು ಚಟ್ಟಿ, ಒಂದೂ ತಪ್ಪಿಲ್ಲ. ಹಳದಿ ದಾರ ನಾಲ್ಕು, 'ಶಾರ್ಡೊನೆ.' ಕೊನೆಗೆ ನೀಲಿ ದಾರದ ಎರಡಕ್ಕೆ ಬಂದ್ಲು.

ಅಲ್ಲಿ ನಿಂತ್ಲು. 'ಇದೂ ಶಾರ್ಡೊನೆಯೇ, ಬೇರೆ ದಾರ ಎಂತಕ್ಕೆ?' ಅಂತ ಕೇಳಿದ್ಲು, ಬಾಬಾ ಹಿಂದಿಯಲ್ಲಿ ನನಗೆ ಹೇಳಿದ್ರು. 'ಆರು ಶಾರ್ಡೊನೆ ಕಡ್ಡಿ ಕಡಿದದ್ದು ನಾನೇ, ಚೀಟಿ ಬರೆದದ್ದೂ ನಾನೇ' ಅಂತಾಳೆ. ನನಗೆ ಎಲ್ಲಿಂದ ಧೈರ್ಯ ಬಂತೋ, ಬ್ಯಾಗ್ ಹೇಗೂ ಕಟ್ಟಿದ್ದೆನಲ್ಲ, ಇನ್ನೆಂತ ಹೋಗುದು! ಮುಂದೆ ಹೋಗಿ ಅವಳ ಬೆರಳು ಹಿಡಿದೆ. ಹಿಡಿದು ಹಳದಿ ದಾರದ ಎಲೆಯ ದಂಟಿನ ಬುಡಕ್ಕೆ ಇಟ್ಟೆ. ಆಮೇಲೆ ನೀಲಿ ದಾರದ್ದಕ್ಕೆ ಇಟ್ಟೆ. ಅವಳು ಕಣ್ಣು ಮುಚ್ಚಿದ್ಲು. ಇನ್ನೊಂದು ಸಲ ಮುಟ್ಟಿದ್ಲು. ಆಮೇಲೆ ಒಮ್ಮೆಲೇ ನೆಲದಲ್ಲಿ, ಆ ಮರಳಲ್ಲಿ, ಕೂತುಬಿಟ್ಲು, ನಗ್ಲಿಕ್ಕೆ ಶುರು ಮಾಡಿದ್ಲು! ಅವಳಿಗೆ ಹುಚ್ಚು ಹಿಡೀತಾ ಅಂತ ನನಗೆ. 'ಪಿನೊ ಬ್ಲಾಂ!' ಅಂತ ಬೊಬ್ಬೆ ಹಾಕಿದ್ಲು. ಅದು ಐದನೇ ಜಾತಿ! ಶಾರ್ಡೊನೆಯ ಹಾಗೆ ಕಾಣುದು, ಅವರ ದೇಶದಲ್ಲೇ ಜನ ಎಷ್ಟೋ ಕಾಲ ಎರಡನ್ನೂ ಒಂದೇ ಅಂತ ತಿಳ್ಕೊಂಡಿದ್ರಂತೆ. ಅವಳ ಅಪ್ಪ ಸಾಯುವವರೆಗೂ ಹೇಳ್ತಿದ್ದನಂತೆ, ಬಾವಿ ಹತ್ರದ ಸಾಲಲ್ಲಿ ಯಾರೋ ಬೇರೆಯವರು ಸೇರಿಕೊಂಡಿದ್ದಾರೆ ಅಂತ. ಇವಳು ನಂಬಿರ್ಲಿಲ್ಲ. ಕಡ್ಡಿ ಕಡಿದದ್ದು ಚಳಿಗಾಲದಲ್ಲಿ, ಎಲೆ ಇಲ್ಲದಾಗ. ಅವಳಿಗೂ ಕಡ್ಡಿ ಎಲ್ಲ ಒಂದೇ ಕಂಡದ್ದು!

ಬಾಬಾ ಆ ನೀಲಿ ದಾರದ ಎಲೆಯನ್ನು ತಾವೇ ಮಗುಚಿ ಬೆರಳು ಇಟ್ಟು ನೋಡಿದ್ರು. ಮತ್ತೆ ನನ್ನ ಹತ್ರ ಹೇಳಿದ್ರು, 'ಗಿರ್ಜಾ, ನೀನು ಮೂರು ತಿಂಗಳು ಸುಳ್ಳು ಚೀಟಿ ಕಟ್ಟಿದ್ದೆ. ನಾನು ಮೂರು ವರ್ಷ ಚೀಟಿ ಓದಿದೆ, ಎಲೆ ಮುಟ್ಟಿ ನೋಡ್ಲಿಲ್ಲ. ನನ್ನ ಸಿಟ್ಟು ಹೋಗ್ಲಿಲ್ಲ, ತಿಳ್ಕೊ. ಆದ್ರೆ ಬ್ಯಾಗ್ ಒಳಗೆ ಇಡು.' ನನಗೆ ಅಳು, ನಗು, ಎರಡೂ. ಮದಾಮ್ ನನ್ನ ಕೈ ಬಿಡ್ಲೇ ಇಲ್ಲ. ಆ ದಿನ ಮಧ್ಯಾಹ್ನ ಪಕ್ಕದ ತೋಟದಿಂದ ತಂದ, ಇಲ್ಲಿಯದ್ದೇ ಬಳ್ಳಿಯ ದ್ರಾಕ್ಷಿ ಎಲೆಗೆ ನಮ್ಮ ಪತ್ರೊಡೆ ಮಸಾಲೆ ಬಳಿದು ಸುತ್ತಿ ಬೇಯಿಸಿದೆ, ಹುಳಿ ಖಾರ ಎಲ್ಲ ಹಾಕಿ. ಮಾಮಾ ಸಿಟ್ಟಿನಲ್ಲೇ ಬಂದವರು ಸಿಟ್ಟಿನಲ್ಲೇ ಹನ್ನೆರಡು ತಿಂದ್ರು. ಮೋನಾಕ ಅಡಿಗೆಮನೆ ಬಾಗಿಲಲ್ಲಿ ನಿಂತು, 'ನನ್ನ ಹೆಸರು ಹೇಳಿದ್ರಾ ಅಕ್ಕಾ?' ಅಂತ ಗುಟ್ಟಲ್ಲಿ ಕೇಳಿದ್ರು. ಇಲ್ಲ ಅಂದೆ. ಮರುದಿನ ಅವರೇ ಹೋಗಿ ಬಾಬಾರ ಹತ್ರ ಹೇಳಿ ಬೈಗುಳ ತಿಂದು ಬಂದ್ರು, ಪಾಪ, ಆಮೇಲೆ ನೆಮ್ಮದಿಯಲ್ಲಿ ಊಟ ಮಾಡಿದ್ರು.

ಆಮೇಲೆ ಆ ಗಿಡಗಳನ್ನು ನೋಡಿಕೊಳ್ಳುದು ನನ್ನ ಕೆಲಸ ಆಯ್ತು. ಅಡಿಗೆಗೆ ಬೇರೆ ಒಬ್ಬಳು ಬಂದ್ಲು, ನನಗೆ ಕತ್ತರಿ, ಕೈಗವಸು, ಒಂದು ಒಳ್ಳೆ ಸ್ವೆಟರ್. ನಿಮ್ಮ ಅಪ್ಪ ಓದು ಮುಗಿಸಿದ, ರಿಫೈನರಿ ಕೆಲಸಕ್ಕೆ ಇಲ್ಲಿಗೇ ಬಂದ, ನಿಮ್ಮ ಅಮ್ಮ ಬಂದ್ಲು, ನೀವು ಬಂದ್ರಿ. ಅಜ್ಜ ಊರಲ್ಲಿ ಕೋಲು ಹಿಡಿದು ನಡೆಯುವಷ್ಟಾದ್ರು, ಇನ್ನೂ ಎಂಟು ವರ್ಷ ಇದ್ರು. ಎರಡನೇ ವರ್ಷ ಮಸ್ಕಾಟ್ ಮೊದಲು ಕಾಯಿ ಬಿಟ್ಟದ್ದು, ಮೂರೇ ಗೊಂಚಲು, ಬಾಬಾ ಒಂದು ದ್ರಾಕ್ಷಿ ಬಾಯಿಗೆ ಹಾಕಿ ಅಡಿಗೆಮನೆ ಗೋಡೆ, ಅಡಿಗೆಮನೆ ಗೋಡೆ ಅಂತ ಎರಡು ಸಲ ಹೇಳಿದ್ರು, ನನಗೆ ಅರ್ಥ ಆಯ್ತು. ಈಗ್ಲೂ ಮಾರ್ಚ್ ಬಂದ್ರೆ ಬಾಬಾರ ಮಗಳು ಕಾರು ಕಳಿಸ್ತಾಳೆ, 'ಖಾಲಾ, ಎಲೆ ಬಂತು, ಬನ್ನಿ' ಅಂತ, ಖಾಲಾ ಅಂದ್ರೆ ಚಿಕ್ಕಮ್ಮ. ಈ ವರ್ಷ ನಿಮ್ಮನ್ನೂ ಕರ್ಕೊಂಡು ಹೋಗ್ತೇನೆ, ಎಲೆ ಮುಟ್ಟಿ ನೋಡಿ, ಆಮೇಲೆ ಹೇಳು ಸಾನ್ವಿ ಎಲ್ಲ ಸೇಮ್ ಅಂತ.

ಎಂತ ಚಿನ್ನು, ನಾನು ಗೆದ್ದೆ ಅಂತಾ? ಗೆದ್ದದ್ದು ಎಂತದೂ ಇಲ್ಲ. ಆ ಗುರುವಾರ ಚಾ ತಣ್ಣಗಾದದ್ದು ನನಗೆ ಈಗ್ಲೂ ಕಾಣ್ತದೆ. ಕಿತ್ತದ್ದು ಗೊತ್ತಿಲ್ಲದೆ, ಅದನ್ನು ಬಾಬಾ ಅವತ್ತೇ ಕ್ಷಮಿಸ್ತಿದ್ರು. ಮೂರೂವರೆ ತಿಂಗಳು ಬಾಯಿ ಮುಚ್ಚಿ ಕೂತದ್ದು ಮಾತ್ರ ಗೊತ್ತಿದ್ದೂ ಮಾಡಿದ್ದು. ಹಾಗೆ ನೀವು ಎಂತಾದ್ರೂ ಕೆಡಿಸಿದ್ರೆ, ಒಡೆದ್ರೆ, ಕಿತ್ರೆ, ಆ ದಿನವೇ ಬಂದು ಹೇಳಿ, ಬೈದ್ರೆ ಬೈಸಿಕೊಳ್ಳಿ, ಮತ್ತೆ ಒಟ್ಟಿಗೆ ಕೂತು ಸರಿ ಮಾಡುವಾ. ಆಯ್ತಾ? ಹಾಂ, ಏಳಿ, ಕೈ ತೊಳ್ದು ಬನ್ನಿ.